ಖಾಲಿ ಬಿಟ್ಟ ಜಾಗ

ಹೆಳವನನ್ನು ನೀವು ನೋಡಿದ್ದೀರೋ ಇಲ್ಲವೋ, ಪೇಟೆಯಲ್ಲೇ ಹುಟ್ಟಿ ಬೆಳೆದವರಾದರೆ ನೋಡಿರಲಾರಿರಿ. ನಾನು ಮಂಡ್ಯ ಪೇಟೆಯವಳು. ಮದುವೆಯಾಗಿ ಮದ್ದೂರು ಕಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದ ಮೇಲೆಯೇ ಮೊದಲ ಸಲ ನೋಡಿದ್ದು. ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತಾ ಬಂದ. ಇಳಿದವನೇ ಜಗಲಿಯ ಮೇಲೆ ಕುಳಿತು, ಯಾರೂ ಏನೂ ಕೇಳದೆಯೇ, ನಮ್ಮ ಮಾವನವರ ಅಪ್ಪನ ಹೆಸರು, ಅವರಪ್ಪನ ಹೆಸರು, ಅವರಪ್ಪನ ಅಪ್ಪನ ಹೆಸರು ಎಂದು ರಾಗವಾಗಿ ಹೇಳಿಕೊಂಡು ಹೋದ. ಮೂಲಪುರುಷ ಯಾವ ಊರಿಂದ ಬಂದ, ಯಾಕೆ ಬಂದ, ಯಾವ ಕೆರೆಯ ಕೆಳಗೆ ನೆಲೆ ನಿಂತ, ಎಷ್ಟು ಮಕ್ಕಳಾದವು, ಎಲ್ಲಾ ಅವನ ನಾಲಗೆಯ ಮೇಲೆ. ನನಗೆ ಮೈ ಜುಮ್ಮೆಂದಿತು. ನನ್ನ ತವರಿನಲ್ಲಿ ಮುತ್ತಜ್ಜನ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಊರಿಗೇ ಸೇರದ ಒಬ್ಬ ಮನುಷ್ಯ ನಮ್ಮ ಮನೆಯನ್ನು ನಮಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಮನೆತನಗಳ ವಂಶಾವಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬರುವುದೇ ಹೆಳವರ ಕುಲಕಸುಬು. ಒಬ್ಬೊಬ್ಬ ಹೆಳವನಿಗೆ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂದಿರುತ್ತದೆ. ಕೆಲವು ವರ್ಷಕ್ಕೊಮ್ಮೆ ಬಂದು, ಹುಟ್ಟಿದವರನ್ನು ಸೇರಿಸಿಕೊಂಡು, ಹಳೆಯದನ್ನು ಓದಿ ಹೇಳಿ, ರಾಗಿಯೋ ಭತ್ತವೋ ಬಟ್ಟೆಯೋ ದುಡ್ಡೋ ಪಡೆದು ಹೋಗುತ್ತಾರೆ. ಈಗ ನಮ್ಮ ಮನೆಗೆ ಬರುವವನು ಆ ಹೆಳವನ ಮಗ. ಎತ್ತು ಹೋಗಿ ಬೈಕು ಬಂದಿದೆ. ಪುಸ್ತಕ ಮಾತ್ರ ಹಳೆಯದೇ, ಕೆಂಪು ಬಟ್ಟೆಯಲ್ಲಿ ಸುತ್ತಿದ ದಪ್ಪ ಲೆಕ್ಕದ ಪುಸ್ತಕ.

ಎರಡು ವರ್ಷದ ಹಿಂದೆ ಅವನು ಬಂದಾಗ ನನ್ನ ಭಾವನವರು, ಎಂದರೆ ನನ್ನ ಯಜಮಾನರ ಅಣ್ಣ, ಮಂಡ್ಯದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಗೃಹಪ್ರವೇಶಕ್ಕೆ ಬಂದವರಿಗೆಲ್ಲ ತಾಂಬೂಲದ ಜೊತೆ ಮನೆತನದ ವಂಶಾವಳಿಯ ಒಂದು ಪುಟ್ಟ ಪುಸ್ತಕ ಕೊಡಬೇಕೆಂಬ ಆಸೆ ಅವರಿಗೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದ ನನಗೇ ಬರೆಯುವ ಕೆಲಸ ಬಿತ್ತು. ಹೆಳವ ಓದುತ್ತಾ ಹೋದ, ನಾನು ಬರೆದುಕೊಳ್ಳುತ್ತಾ ಹೋದೆ. ಗಂಡಸರಿಗೆಲ್ಲ ಹೆಸರಿತ್ತು. ಹಳೆಯ ತಲೆಮಾರಿನ ಹೆಂಗಸರಿಗೆ ಊರು ಮಾತ್ರ ಇತ್ತು: ಇಂಥ ಊರಿನಿಂದ ತಂದ ಹೆಣ್ಣು, ಇಂಥ ಊರಿಗೆ ಕೊಟ್ಟ ಹೆಣ್ಣು. ತರುವುದು, ಕೊಡುವುದು. ಪಾತ್ರೆ ಪರಟಿಯ ಲೆಕ್ಕದ ಹಾಗೆ ಎಂದುಕೊಂಡು ಒಳಗೇ ನಕ್ಕೆ.

ನಮ್ಮ ಮಾವನವರ ತಲೆಮಾರಿಗೆ ಬಂದಾಗ ಹೆಳವ, "ಮೂರು ಗಂಡು, ಎರಡು ಹೆಣ್ಣು" ಎಂದ. ನಾನು ತಲೆ ಎತ್ತಿದೆ. ನನಗೆ ಗೊತ್ತಿದ್ದದ್ದು ಒಬ್ಬಳೇ ಸೋದರತ್ತೆ.

"ಎರಡನೇ ಹೆಣ್ಣಿನ ಮುಂದೆ ಕೊಟ್ಟ ಊರು ಇಲ್ಲ ಕಣವ್ವಾ. ನಮ್ಮಪ್ಪ ಜಾಗ ಖಾಲಿ ಬಿಟ್ಟವ್ನೆ" ಎಂದು ಪುಸ್ತಕ ನನ್ನ ಕಡೆ ತಿರುಗಿಸಿದ. ಹೆಸರಿತ್ತು, ಮುಂದೆ ಒಂದು ಬೆರಳಷ್ಟು ಬಿಳಿಯ ಕಾಗದ.

"ಚಿಕ್ಕಂದ್ರಲ್ಲೇ ಹೋಗ್ಬುಟ್ಳು. ಮುಂದಕ್ಕೆ ಓದಪ್ಪ" ಎಂದರು ಭಾವ.

ಆ ರಾತ್ರಿ ನಮ್ಮ ಅತ್ತೆಯವರ ಕಾಲು ಒತ್ತುತ್ತಾ ಕೇಳಿದೆ. ಅವರಿಗೆ ಆಗಲೇ ತೊಂಬತ್ತರ ಹತ್ತಿರ ವಯಸ್ಸು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ್ಳು ಅಂದ್ರೆ ಸತ್ತೋದ್ಳು ಅಂತಲ್ಲ ಕಣೆ. ಹೊರಟೋದ್ಳು" ಎಂದರು. ಐವತ್ತರ ದಶಕದ ಮಾತು. ನಂಟರಲ್ಲೇ ಅನುಕೂಲಸ್ಥರ ಮನೆಗೆ ನಿಶ್ಚಯವಾಗಿತ್ತಂತೆ. ಊರಿನಲ್ಲಿ ಮರಗೆಲಸಕ್ಕೆ ಬಂದಿದ್ದ ಬೇರೆ ಜಾತಿಯ ಹುಡುಗನ ಜೊತೆ ಹೊರಟುಹೋದಳಂತೆ. ಮಳವಳ್ಳಿ ಕಡೆ ಇದ್ದಾರೆಂದು ಸುದ್ದಿ ಬಂತು. ಮನೆಯವರು ಹೊಳೆಗೆ ಹೋಗಿ, ಬದುಕಿದ್ದ ಹತ್ತೊಂಬತ್ತು ವರ್ಷದ ಹುಡುಗಿಗೆ ಎಳ್ಳುನೀರು ಬಿಟ್ಟು, ತಲೆಗೆ ಸ್ನಾನ ಮಾಡಿ ಬಂದರು. ಅಂದಿನಿಂದ ಮನೆಯಲ್ಲಿ ಯಾರೂ ಆ ಹೆಸರು ಎತ್ತಿಲ್ಲ.

ಬರೆಯಲು ಕುಳಿತರೆ ಆ ಬೆರಳಷ್ಟು ಖಾಲಿ ಜಾಗವೇ ಕಣ್ಣಮುಂದೆ. ಮನೆಯ ಚರಿತ್ರೆಯನ್ನು ಮನೆಯವರೇ ಬರೆಯುವಾಗ, ಮನೆಯಲ್ಲೇ ಹುಟ್ಟಿದ ಒಬ್ಬರನ್ನು ಬಿಟ್ಟುಬಿಡುವ ಹಕ್ಕು ಅವರಿಗಿದೆಯೇ? ನಮ್ಮ ಮನೆ, ನಮ್ಮ ಪುಸ್ತಕ, ಯಾರನ್ನು ಬೇಕಾದರೂ ಸೇರಿಸುತ್ತೇವೆ, ಯಾರನ್ನು ಬೇಕಾದರೂ ಬಿಡುತ್ತೇವೆ ಎನ್ನಬಹುದೇ?

ದೊಡ್ಡ ಮನೆಗಳವರು ಏನು ಮಾಡಿದ್ದಾರೆ ನೋಡೋಣವೆಂದು ಯೋಚಿಸಿದೆ. ನಮಗೆಲ್ಲ ಹತ್ತಿರದ ದೊಡ್ಡ ಮನೆ ಎಂದರೆ ಮೈಸೂರಿನ ಅರಮನೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮಂತ್ರಿಯೂ ಕವಿಯೂ ಆಗಿದ್ದ ತಿರುಮಲಾರ್ಯ ‘ಚಿಕ್ಕದೇವರಾಜ ವಂಶಾವಳಿ’ಯನ್ನು ಬರೆದ. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ವಂಶವೃಕ್ಷವನ್ನೇ ಚಿತ್ರವಾಗಿ ಬರೆಸಿದರು. ಜಗನ್ಮೋಹನ ಅರಮನೆಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಗೋಡೆಯ ಮೇಲೆ ಅದನ್ನು ತೋರಿಸಿದ್ದೇನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅರಮನೆಯವರೇ ವಂಶಾವಳಿಯನ್ನು ಅಚ್ಚು ಹಾಕಿಸಿದರು. ಈ ಮನೆತನದ ಕಥೆ ಶುರುವಾಗುವುದು ದ್ವಾರಕೆಯಿಂದ ಬಂದ ಯದುರಾಯನಿಂದ. 1399ರಲ್ಲಿ ಆತ ಇಲ್ಲಿಯ ಅರಸುಮಗಳ ಕೈಹಿಡಿದು ರಾಜ್ಯ ಕಟ್ಟಿದನೆಂದು ಹೇಳುತ್ತಾರೆ. ಗಮನಿಸಿ, ಕಥೆಯ ಪ್ರಕಾರವೇ ನೆಲ ಹುಡುಗಿಯದು, ಹುಡುಗ ಹೊರಗಿನವನು. ಆದರೂ ವಂಶ ಯದುವಂಶವೇ.

ನನ್ನ ಮಗಳು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೆಲಸದಲ್ಲಿದ್ದಾಳೆ. ಫೋನಿನಲ್ಲಿ ನನ್ನ ತಳಮಳ ಕೇಳಿ, "ಅಮ್ಮಾ, ಇಲ್ಲೂ ಹಿಂದಿನ ಕಾಲದ ಪಾಳೆಯಗಾರರು ಹೀಗೇ ವಂಶಾವಳಿ ಬರೆಸ್ತಿದ್ರಂತೆ" ಎಂದಳು. ಅವಳಿಂದ ಕೇಳಿ, ಆಮೇಲೆ ನಾನೂ ಓದಿಕೊಂಡ ಸಂಗತಿ ಇದು. ದಕ್ಷಿಣ ಜರ್ಮನಿಯ ಮೆಸ್‌ಕಿರ್ಷ್ ಎಂಬ ಊರಿನಲ್ಲಿ ಸಿಮ್ಮರ್ನ್ ಎಂಬ ಜಹಗೀರುದಾರರ ಮನೆತನವಿತ್ತು. ಹದಿನೈದನೆಯ ಶತಮಾನದ ಕೊನೆಯಲ್ಲಿ ಅವರು ಚಕ್ರವರ್ತಿಯ ಅವಕೃಪೆಗೆ ಗುರಿಯಾಗಿ ಆಸ್ತಿ ಕಳೆದುಕೊಂಡು, ಹೆಣಗಾಡಿ ಮತ್ತೆ ಪಡೆದರು. ಹೀಗೆ ಒಮ್ಮೆ ನೆಲ ಕುಸಿದ ಮನೆಗೆ ತಾನು ಹಳೆಯ ಮನೆ ಎಂದು ಹೇಳಿಕೊಳ್ಳುವ ಆಸೆ ಹೆಚ್ಚು. ಆ ಮನೆಯ ಫ್ರೋಬೆನ್ ಕ್ರಿಸ್ಟೋಫ್ ಎಂಬ ದೊರೆ 1566ರಲ್ಲಿ ಸಾಯುವ ಮೊದಲು ಮನೆತನದ ದೊಡ್ಡ ಚರಿತ್ರೆಯೊಂದನ್ನು ಬರೆದಿಟ್ಟ. ನಮ್ಮವರು ದ್ವಾರಕೆಗೆ ಹೋದಂತೆ ಅವನು ರೋಮನ್ನರ ಕಾಲದ ಕಿಂಬ್ರಿ ಎಂಬ ಜನಾಂಗದವರೆಗೂ ತನ್ನ ಮೂಲವನ್ನು ಕೊಂಡೊಯ್ದ. ದೂರದ ಹಿರಿಮೆ ಎಲ್ಲರಿಗೂ ಬೇಕು.

ಆದರೆ ಆ ಪುಸ್ತಕವನ್ನು ಇವತ್ತು ಜನ ಓದುವುದು ಆ ಹಿರಿಮೆಗಾಗಿ ಅಲ್ಲ. ಬರೆಯುತ್ತಾ ಬರೆಯುತ್ತಾ ಆತ ಮನೆಯ ಜಗಳ, ಹಿರಿಯರ ದುಂದುಗಾರಿಕೆ, ಮದುವೆಯಾಚೆಗಿನ ಸಂಬಂಧಗಳು, ದೆವ್ವದ ಕಥೆ, ತಮಾಷೆ ಎಲ್ಲವನ್ನೂ ಸೇರಿಸಿಬಿಟ್ಟ. ಆ ಕಾಲದ ಜನ ಹೇಗೆ ಬದುಕಿದರೆಂದು ತಿಳಿಯಲು ಈಗ ಅದೇ ದಾರಿ. ಇನ್ನೊಂದು ಸಂಗತಿ ಕೇಳಿ. ಅವನಿಗೆ ಹಲವಾರು ಹೆಣ್ಣುಮಕ್ಕಳು, ಒಬ್ಬನೇ ಮಗ. 1594ರಲ್ಲಿ ಆ ಮಗ ಗಂಡುಸಂತಾನವಿಲ್ಲದೆ ತೀರಿಕೊಂಡ, ಮನೆತನ ಅಲ್ಲಿಗೆ ಮುಗಿಯಿತು. ಆಸ್ತಿ ಮಗಳನ್ನು ಕೊಟ್ಟ ಮನೆಗೆ ಹೋಯಿತು, ಅಲ್ಲಿಂದ ಇನ್ನೊಂದು ಪೀಳಿಗೆಯ ಹೆಣ್ಣುಮಗಳ ಮೂಲಕ ಮತ್ತೊಂದು ಮನೆಗೆ ಹೋಯಿತು. ಆ ಮನೆಯವರ ಗ್ರಂಥಾಲಯದಲ್ಲಿ ಉಳಿದಿದ್ದ ಹಸ್ತಪ್ರತಿ ಈಗ ಸ್ಟುಟ್‌ಗಾರ್ಟಿನ ಸರ್ಕಾರಿ ಗ್ರಂಥಾಲಯದಲ್ಲಿದೆ. ಹೆಸರು ಉಳಿಸಬೇಕಾದ ಗಂಡುಕುಲ ಮುಗಿದ ಮೇಲೆ ಆಸ್ತಿ ದಾಟಿದ್ದು ಕೊಟ್ಟ ಹೆಣ್ಣುಮಕ್ಕಳ ಹೊಸಿಲಿನಿಂದ.

ನಮ್ಮ ಅರಮನೆಯೂ ಅಷ್ಟೆ. ಮುಮ್ಮಡಿ ಕೃಷ್ಣರಾಜರು 1865ರಲ್ಲಿ ದತ್ತು ತೆಗೆದುಕೊಂಡದ್ದು ಮಗಳ ಮಗನನ್ನು. 2015ರಲ್ಲಿ ದತ್ತು ಬಂದ ಯದುವೀರರು ಜಯಚಾಮರಾಜ ಒಡೆಯರ ಹಿರಿಯ ಮಗಳ ಮಗಳ ಮಗ. 1799ರಲ್ಲಿ ಐದು ವರ್ಷದ ಮಗುವಿಗೆ ಪಟ್ಟವಾದಾಗ, ಅದರ ಹಿಂದೆ ದಶಕಗಟ್ಟಲೆ ಪತ್ರವ್ಯವಹಾರ ನಡೆಸಿ ಕಾದು ಕುಳಿತಿದ್ದವಳು ಮುದುಕಿ ರಾಣಿ ಲಕ್ಷ್ಮಮ್ಮಣ್ಣಿ. ಚಿಕ್ಕದೇವರಾಜನ ವಂಶಾವಳಿ ಹುಟ್ಟಿದ ಅದೇ ಆಸ್ಥಾನದಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮ, ಹೆಣ್ಣುಮಗುವನ್ನು ಕಂಡು ಮುಖ ಸಿಂಡರಿಸುವವರನ್ನು ತನ್ನ ‘ಹದಿಬದೆಯ ಧರ್ಮ’ದಲ್ಲಿ ಮೆಲ್ಲಗೆ ತಿವಿದಿದ್ದಾಳೆ. ಮರದ ಚಿತ್ರದಲ್ಲಿ ಕೊಂಬೆಗಳು ಗಂಡಸರ ಹೆಸರಿನವು. ರಸ ಹರಿದ ದಾರಿ ಬೇರೆ.

ಅರಮನೆ, ಜರ್ಮನಿ ಎಲ್ಲ ಬಿಡಿ. ನಮ್ಮ ಮದ್ದೂರು ತಾಲ್ಲೂಕಿನಲ್ಲೇ ಆತಕೂರು ಎಂಬ ಊರಿದೆ. ಕನ್ನಡ ಪಾಠ ಮಾಡುವಾಗ ಅಲ್ಲಿಯ ಶಾಸನದ ಕಥೆ ಹೇಳದೆ ನಾನು ಯಾವ ವರ್ಷವೂ ಬಿಟ್ಟಿಲ್ಲ. ಗಂಗರ ದೊರೆ ಬೂತುಗನ ಕೈಕೆಳಗೆ ಮಣಲೇರ ಎಂಬ ವೀರನಿದ್ದ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ಏನು ಬೇಕೋ ಕೇಳು ಎಂದಾಗ, ಊರು ಹೊನ್ನು ಕೇಳದೆ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಡಿಸಿ, ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟ. 949-950ರ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಮೇಲೂ ಮದ್ದೂರು ತಾಲ್ಲೂಕಿನ ಒಂದು ನಾಯಿಯ ಹೆಸರು ನಮಗೆ ಗೊತ್ತು. ಅದೇ ತಾಲ್ಲೂಕಿನಲ್ಲಿ, ಎಪ್ಪತ್ತು ವರ್ಷ ಕೂಡ ಆಗಿಲ್ಲ, ಮನೆಯ ಮಗಳೊಬ್ಬಳ ಹೆಸರನ್ನು ಮನೆಯವರೇ ಅಳಿಸಲು ಹೊರಟಿದ್ದೆವು. ಮಣಲೇರನಿಗೆ ತನ್ನದು ಎನ್ನಲು ನಾಚಿಕೆಯಾಗಲಿಲ್ಲ. ಅಷ್ಟೇ ವ್ಯತ್ಯಾಸ.

ಭಾವನವರ ಹತ್ತಿರ ಮಾತೆತ್ತಿದೆ. ಮರ್ಯಾದೆ, ನಂಟರು ಏನೆಂದಾರು, ಮೊಮ್ಮಕ್ಕಳಿಗೆ ನಾಳೆ ಸಂಬಂಧ ನೋಡಬೇಕು, ಎಂದೆಲ್ಲ ಹೇಳುತ್ತಾರೆಂದು ತಿಳಿದಿದ್ದೆ. ಅವನ್ನೂ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ನಾನು ಎಣಿಸಿರದ ಮಾತೊಂದನ್ನು ಹೇಳಿದರು. "ತಾತ ತೀರ್ಕಂಡಾಗ ಅತ್ತೆ ಬಂದಿತ್ತು. ಕಂಕುಳಲ್ಲಿ ಮಗ ಬೇರೆ. ಬಾಗಲು ಹಾಕು ಅಂದ್ರು ನಮ್ಮಪ್ಪ. ನಂಗಾಗ ಎಂಟೊಂಬತ್ತು ವರ್ಷ. ನಾನೇ ಹಾಕ್ದೆ. ಬದುಕಿದ್ದಾಗ ಬಾಗಲು ಹಾಕಿ, ಈಗ ಸತ್ತ ಮೇಲೆ ಹೆಸರು ಹಾಕ್ಕೊಳಕ್ಕೆ ಯಾವ ಮುಖ ಅದೆ ಹೇಳು?"

ನನ್ನ ಬಾಯಿ ಕಟ್ಟಿತು. ಅಲ್ಲಿಯವರೆಗೆ ನಾನು ಸತ್ಯದ ಪಕ್ಷ, ಅವರು ಪ್ರತಿಷ್ಠೆಯ ಪಕ್ಷ ಎಂದು ಸುಲಭವಾಗಿ ಹಂಚಿಕೊಂಡುಬಿಟ್ಟಿದ್ದೆ. ನಾವು ಬಚ್ಚಿಡುವುದು ಯಾವಾಗಲೂ ಇನ್ನೊಬ್ಬರ ತಪ್ಪನ್ನಲ್ಲ, ಎಷ್ಟೋ ಸಲ ನಮ್ಮದನ್ನು. ಅವರ ಪ್ರಶ್ನೆಯೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಜೀವವಿದ್ದಾಗ ಒಂದು ತುತ್ತು ಕೊಡದೆ, ಪುಸ್ತಕದಲ್ಲಿ ಒಂದು ಸಾಲು ಕೊಟ್ಟು ನಾವು ಒಳ್ಳೆಯವರಾಗಿಬಿಡುವುದು ಬಹಳ ಅಗ್ಗದ ವ್ಯಾಪಾರವಲ್ಲವೇ? ಅದೂ ಅವಳನ್ನು ಕೇಳದೆ?

ಅವಳನ್ನು ಕೇಳುವಂತಿರಲಿಲ್ಲ, ತೀರಿಕೊಂಡು ಹದಿನೈದು ವರ್ಷದ ಮೇಲಾಗಿತ್ತು. ಮಗಳಿದ್ದಾಳೆಂದು ಅತ್ತೆಯವರೇ ಹೇಳಿದರು. ವಿಳಾಸವೂ ಅವರ ಬಳಿಯೇ ಇತ್ತು! ಒಂದು ದಿನ ಯಾರಿಗೂ ಹೇಳದೆ ಮದ್ದೂರಿನಲ್ಲಿ ಮಳವಳ್ಳಿಯ ಬಸ್ಸು ಹತ್ತಿದೆ. ಈಗ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲವಲ್ಲ. ಭಾರತೀನಗರದ ಹತ್ತಿರ ಕಬ್ಬಿನ ಗಾಡಿಗಳ ಸಾಲಿನಲ್ಲಿ ಬಸ್ಸು ನಿಂತಾಗ ಲೆಕ್ಕ ಹಾಕಿದೆ. ನಮ್ಮೂರಿಂದ ಮಳವಳ್ಳಿಗೆ ಒಂದೂವರೆ ಗಂಟೆಯ ದಾರಿ. ಈ ದಾರಿಯನ್ನು ನಮ್ಮ ಮನೆಯವರು ಯಾರೂ ಎಪ್ಪತ್ತು ವರ್ಷದಲ್ಲಿ ಒಂದು ಸಲವೂ ಅವಳಿಗಾಗಿ ಸವೆಸಿರಲಿಲ್ಲ.

ಆಕೆ ನನಗಿಂತ ಸ್ವಲ್ಪ ದೊಡ್ಡವರು. ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ರಾಶಿ ಹಾಕಿಕೊಂಡು, ಹುಳುಗಳಿಗೆ ಬಡಿಸಲು ಹೊರಟಿದ್ದರು. ನಾನು ಯಾರೆಂದು ಹೇಳಿದಾಗ ಬೆಚ್ಚಿಬೀಳಲಿಲ್ಲ, ಅಳಲೂ ಇಲ್ಲ. "ಕೂತ್ಕಳಿ. ಹುಳ ನಾಕನೇ ಜ್ವರಕ್ಕೆ ಹೋಗೋ ಹೊತ್ತು, ಸೊಪ್ಪು ಹಾಕ್ಬುಟ್ಟು ಬತ್ತೀನಿ" ಎಂದರು. ಆಮೇಲೆ ಕಾಫಿ ಕೊಟ್ಟು ಹೇಳಿದರು. ಅಪ್ಪ ಅವ್ವ ಚೆನ್ನಾಗೇ ಬಾಳಿದರು. ಬಡತನವಿತ್ತು, ಹೊಡೆತ ಬಡಿತ ಇರಲಿಲ್ಲ. ಅವ್ವ ನಗುತ್ತಿದ್ದುದೇ ಹೆಚ್ಚು. ಗೌರಿ ಹಬ್ಬದ ದಿನ ಮಾತ್ರ ಸುಮ್ಮನಾಗಿಬಿಡುತ್ತಿದ್ದಳು. ಬೀದಿಯ ಹೆಂಗಸರಿಗೆಲ್ಲ ತವರಿನಿಂದ ಬಾಗಿನ ಬರುವ ದಿನ. ಅವಳು ತಾನೇ ಮೊರ ತಂದು, ತಾನೇ ತುಂಬಿ, ಎದುರುಮನೆಯ ಮುತ್ತೈದೆಗೆ ಕೊಟ್ಟು, "ನಮ್ಮೂರಿಂದ ಬಂತು" ಎನ್ನುತ್ತಿದ್ದಳಂತೆ.

"ಒಂದು ವರ್ಷ ಮಾತ್ರ ನಿಜವಾಗ್ಲೂ ಬಂತು" ಎಂದರು. "ಒಬ್ಬ ಬಳೆಗಾರ ಬಂದು ಅರಿಶಿನ ಕುಂಕುಮ, ಹನ್ನೆರಡು ಹಸಿರು ಬಳೆ ಕೊಟ್ಟು ಹೋದ. ಯಾರು ಕಳಿಸಿದ್ರು ಅಂತ ಹೇಳ್ನಿಲ್ಲ. ಅವ್ವ ಆ ಬಳೆ ತೊಟ್ಕಳ್ನೇ ಇಲ್ಲ. ಹಂಗೇ ಇಟ್ಟಿದ್ಳು."

ವಿಳಾಸ ನಮ್ಮ ಅತ್ತೆಯವರ ಬಳಿ ಹೇಗಿತ್ತೆಂದು ನನಗೆ ಆಗ ಗೊತ್ತಾಯಿತು.

ಪುಸ್ತಕದ ಮಾತು ಹೇಳಿ, ಹೆಸರು ಹಾಕಲೇ ಬೇಡವೇ ಎಂದು ಕೇಳಿದೆ. ಆಕೆ ಯೋಚಿಸಿ ಹೇಳಿದರು: "ಹೆಸರು ಹಾಕಿ. ಅವಳು ಆ ಮನೇಲಿ ಹುಟ್ಟಿದ್ದು ಸುಳ್ಳಲ್ವಲ್ಲ. ಓಡೋದ್ಳು, ಮನೆಯವರು ಕ್ಷಮಿಸುದ್ರು, ಅದೆಲ್ಲ ಬರೀಬ್ಯಾಡಿ. ಅವಳೇನು ಕ್ಷಮೆ ಕೇಳಿರ್ನಿಲ್ಲ. ಆ ಕಥೆ ನಮ್ಮದು. ಬೇರೆ ಎಲ್ಲಾರ ನೀವು ಬರಿಯೋದಾದ್ರೆ, ಯಾರಿಗಾದ್ರೂ ಉಪಯೋಗ ಆಗೋದಾದ್ರೆ, ಕಥೆ ಬರೀರಿ, ಹೆಸರು ಹಾಕ್ಬ್ಯಾಡಿ."

ನಾನು ಓದಿದ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಬಿಡಿಸಿ ಹೇಳಿರಲಿಲ್ಲ. ಹೆಸರು ಬೇರೆ, ಕಥೆ ಬೇರೆ. ಒಬ್ಬರು ಹುಟ್ಟಿದರು, ನಮ್ಮವರಾಗಿದ್ದರು ಎಂಬುದು ನಡೆದ ಸಂಗತಿ. ಅದನ್ನು ಅಳಿಸುವ ಅಧಿಕಾರ ಮನೆಯ ಯಜಮಾನನಿಗೂ ಇಲ್ಲ, ಬರೆಯುವ ಸೊಸೆಗೂ ಇಲ್ಲ. ಅದು ಸಾಲದ ಹಾಗೆ, ತಡವಾಯಿತೆಂದು ತೀರಿಸದೆ ಇರಲಾಗುವುದಿಲ್ಲ. ತೀರಿಸಿದ ಮಾತ್ರಕ್ಕೆ ದಾನ ಮಾಡಿದೆವೆಂದು ಬೀಗುವಂತೆಯೂ ಇಲ್ಲ. ಆದರೆ ಅವರು ಏಕೆ ಹೋದರು, ಹೇಗೆ ಬಾಳಿದರು, ಅತ್ತರೋ ನಕ್ಕರೋ ಎಂಬ ಕಥೆ ಅವರದು, ಅವರನ್ನು ಕಟ್ಟಿಕೊಂಡು ಬದುಕಿದವರದು. ಸತ್ಯ ಹೇಳುತ್ತೇನೆಂಬ ಉತ್ಸಾಹದಲ್ಲಿ ಅದನ್ನು ಎತ್ತಿಕೊಂಡು ಬಂದು ನಮ್ಮ ಅಂಗಳದಲ್ಲಿ ಹರವಿದರೆ ಅದೂ ಕಳ್ಳತನವೇ. ಜರ್ಮನಿಯ ಆ ದೊರೆ ಎಲ್ಲರ ಕಥೆಯನ್ನೂ ಬರೆದ, ನಮಗೆ ಓದಲು ಚೆನ್ನಾಗಿದೆ. ಅವನ ಪುಸ್ತಕದಲ್ಲಿ ಬಂದ ಹೆಂಗಸರನ್ನು ಯಾರಾದರೂ ಕೇಳಿದ್ದರೋ ಏನೋ.

ಇದನ್ನೇ ಭಾವನವರಿಗೆ ಹೇಳಿದೆ. "ಮುಖ ಯಾವುದು ಎಂದು ಕೇಳಿದಿರಿ. ಈ ಸಾಲು ನಮ್ಮ ಮುಖ ಉಳಿಸಲು ಅಲ್ಲ. ನಮ್ಮ ಪುಸ್ತಕ ಸುಳ್ಳು ಹೇಳದಿರಲಿ, ಅಷ್ಟೆ" ಎಂದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಕರಡು ಪ್ರತಿಯನ್ನು ಮೂರು ದಿನ ಇಟ್ಟುಕೊಂಡು ವಾಪಸು ಕೊಟ್ಟರು. ಒಂದು ಕಾಗುಣಿತದ ತಪ್ಪು ತಿದ್ದಿದ್ದರು, ಬೇರೆ ಏನೂ ಹೊಡೆದುಹಾಕಿರಲಿಲ್ಲ. ಗೃಹಪ್ರವೇಶದ ದಿನ ಪುಸ್ತಕ ಹಂಚಿದೆವು. ಮೂರು ಗಂಡು, ಎರಡು ಹೆಣ್ಣು, ಐದು ಹೆಸರು. ಒಂದಿಬ್ಬರು ಹಿರಿಯರು ಹುಬ್ಬು ಹಾರಿಸಿದರು. ಹೆಚ್ಚಿನವರು ತಮ್ಮ ಹೆಸರು ಎಲ್ಲಿದೆಯೆಂದು ಹುಡುಕುವುದರಲ್ಲಿದ್ದರು. ಹಳೆಯ ತಲೆಮಾರಿನ ಸೊಸೆಯರ ಹೆಸರುಗಳನ್ನು ಅತ್ತೆಯವರನ್ನು ಕೇಳಿ ಕೇಳಿ ನನಗೆ ಸಿಕ್ಕಷ್ಟು ಸೇರಿಸಿದ್ದೆ. ನಾಲ್ಕು ಸಿಕ್ಕವು. ಉಳಿದವರು ಇನ್ನೂ ಇಂಥ ಊರಿನ ಹೆಣ್ಣಾಗಿಯೇ ಇದ್ದಾರೆ.

ನೀವೂ ಎಂದಾದರೂ ಬಿಡುವಾದಾಗ, ನಿಮ್ಮ ತಾಯಿಯ ತಾಯಿಯ ತಾಯಿಯ ಹೆಸರು ಏನೆಂದು ಮನೆಯಲ್ಲಿ ವಯಸ್ಸಾದವರನ್ನು ಕೇಳಿ ಬರೆದಿಡಿ. ಅವರು ಇರುವಾಗಲೇ ಕೇಳಿ.

ಈ ಸಲ ಸುಗ್ಗಿ ಕಳೆದ ಮೇಲೆ ಹೆಳವ ಮತ್ತೆ ಬಂದ. ಹೊಸ ಮೊಮ್ಮಗುವಿನ ಹೆಸರು ಬರೆದುಕೊಂಡು ಪುಸ್ತಕ ಮಡಿಸುತ್ತಿದ್ದವನನ್ನು ನಮ್ಮ ಅತ್ತೆಯವರು ಮಂಚದ ಮೇಲಿನಿಂದಲೇ ತಡೆದರು.

"ನಿಮ್ಮಪ್ಪ ಒಂದು ಜಾಗ ಖಾಲಿ ಬಿಟ್ಟಿದ್ನಲ್ಲ, ಬರ್ಕೊಳ್ಳಪ್ಪ. ಮಳವಳ್ಳಿ."

ಹೆಳವ ಪೆನ್ನು ತೆಗೆದು, ಭಾವನವರ ಮುಖ ನೋಡಿ, ಕೇಳಿದ: "ಕೊಟ್ಟಿದ್ದು ಅಂತ ಬರೀಲಾ ಅವ್ವಾ?"

"ಕೊಟ್ಟಿದ್ದಲ್ಲ ಕಣಪ್ಪ. ಅವಳೇ ಹೋಗಿದ್ದು. ಹಂಗೇ ಬರಿ."

ಅವನು ಬರೆದುಕೊಂಡ. ಭಾವನವರು ಎದ್ದು ಒಳಗೆ ಹೋಗಿ, ಅವನಿಗೆ ಕೊಡಲು ರಾಗಿ ಅಳೆಯತೊಡಗಿದರು.